ಹಳೆ ಜೀನು ಪೆಟ್ಟಿಗೆಗೆ ಹೋಗುವ ಮುನ್ನ

ಬೆಂಗಳೂರಿನ ಸುತ್ತ ಕುದುರೆ ಸವಾರಿ ಕಲಿಸುವ ಶಾಲೆಗಳು ಈಗ ಸಾಕಷ್ಟಿವೆ. ಮಕ್ಕಳು ಸೇರುತ್ತಾರೆ, ಬೆಳೆಯುತ್ತಾರೆ, ಬೂಟು ಬಿಗಿಯಾಗುತ್ತದೆ, ಜೀನು ಚಿಕ್ಕದಾಗುತ್ತದೆ. ಆ ಸಾಮಾನನ್ನು ಕೊಂಡು, ಚೊಕ್ಕ ಮಾಡಿ, ಆನ್‌ಲೈನ್‌ನಲ್ಲಿ ಮಾರುವುದು ನನ್ನ ಕೆಲಸ. ಲಗಾಮು, ಜೀನನ್ನು ಕುದುರೆಯ ಹೊಟ್ಟೆಗೆ ಬಿಗಿಯುವ ಗರ್ತ್, ಸವಾರ ಕಾಲಿಡುವ ರಿಕಾಪು ಇವನ್ನೆಲ್ಲ ಕಳಿಸುವುದು ಸುಲಭ. ಕಷ್ಟ ಕೊಡುವುದು ಜೀನು. ಅದಕ್ಕೇ ಅದರ ಬಗ್ಗೆ ಜಾಸ್ತಿ ಬರೆಯುತ್ತೇನೆ.

ಜೀನಿನ ಚರ್ಮದ ಒಳಗೆ ಒಂದು ಚೌಕಟ್ಟು ಇರುತ್ತದೆ. ಸವಾರರು ಅದನ್ನು ಟ್ರೀ ಅನ್ನುತ್ತಾರೆ. ಹಲವು ಜೀನುಗಳಲ್ಲಿ ಅದು ಮರದ ಪದರಗಳಿಂದ ಆಗಿರುತ್ತದೆ, ಉಕ್ಕಿನ ಪಟ್ಟಿ ಜೋಡಿಸಿರುತ್ತಾರೆ. ಮುಂದಿನ ಎತ್ತರದ ಭಾಗ ಪಾಮೆಲ್, ಹಿಂದಿನದು ಕ್ಯಾಂಟಲ್. ಸವಾರನ ಭಾರವನ್ನು ಕುದುರೆಯ ಬೆನ್ನಿನ ಮೇಲೆ ಸಮನಾಗಿ ಹಂಚುವುದು ಈ ಟ್ರೀ. ಅದು ಮುರಿದರೆ ಭಾರವೆಲ್ಲ ಒಂದೆರಡು ಕಡೆ ಒತ್ತಿ ಕುದುರೆಗೆ ನೋವಾಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಚರ್ಮ ಪಳಪಳ ಅಂತಲೇ ಇರುತ್ತದೆ.

ಒಮ್ಮೆ ಉತ್ತರ ಭಾರತದಿಂದ ನಾನು ತರಿಸಿದ ಜೀನು ಹಾಗೇ ಬಂದಿತ್ತು. ಪೆಟ್ಟಿಗೆಯ ಒಂದು ಮೂಲೆ ಮಾತ್ರ ಜಜ್ಜಿತ್ತು. ಒಳಗೆ ನೋಡಿದರೆ ಒಂದು ಗೀರೂ ಇಲ್ಲ. ಪಾಮೆಲನ್ನು ಹೊಟ್ಟೆಗೆ ಒತ್ತಿ ಹಿಡಿದು, ಎರಡೂ ಕೈಯಿಂದ ಕ್ಯಾಂಟಲನ್ನು ನನ್ನ ಕಡೆಗೆ ಎಳೆದೆ. ಸೀಟಿನ ನಡುವೆ ಅಡ್ಡಲಾಗಿ ಒಂದು ಮಡಿಕೆ ಎದ್ದಿತು, ಒಳಗಿಂದ ಕಟಕಟ ಸದ್ದು ಬಂತು. ಟ್ರೀ ಮುರಿದಿತ್ತು. ಸ್ಪ್ರಿಂಗ್ ಇರುವ ಜೀನು ಒಂಚೂರು ಬಾಗುತ್ತದೆ, ಅದು ಸಹಜ. ಮಡಿಕೆ ಬಿದ್ದು ಸದ್ದು ಬಂದರೆ ಮಾತ್ರ ಅನುಮಾನ ಪಡಬೇಕು. ಕಳಿಸುವ ಮುಂಚೆ ಇದೇ ಪರೀಕ್ಷೆ ಮಾಡಿ ವಿಡಿಯೋ ತೆಗೆದು ಕೊಳ್ಳುವವರಿಗೆ ಕಳಿಸುತ್ತೇನೆ. ಪೆಟ್ಟಿಗೆ ಬಿಚ್ಚಿದ ಮೇಲೆ ಅವರೂ ಮಾಡಿ ನೋಡಬೇಕು ಅಂತ ಕೇಳಿಕೊಳ್ಳುತ್ತೇನೆ.

ಪ್ಯಾಕಿಂಗ್‌ಗಿಂತ ಮೊದಲು ತೊಳೆಯುವ ಕೆಲಸ. ಇದನ್ನು ಬರೀ ಅಂದಕ್ಕೆ ಮಾಡುವುದಲ್ಲ. ಒಂದು ಲಾಯದ ಬೆವರು, ಕೂದಲು, ಹೊಟ್ಟು ಇನ್ನೊಂದು ಲಾಯಕ್ಕೆ ಹೋಗಬಾರದು. ಹುಳುಕಡ್ಡಿ ಗರ್ತ್ ಮೂಲಕ, ಜೀನಿನ ಕೆಳಗಿನ ಬಟ್ಟೆ ಮೂಲಕ ಹರಡುತ್ತದೆ. ಅದರ ಬೀಜಕಣ ತಿಂಗಳುಗಟ್ಟಲೆ ಸಾಯದೆ ಇರುತ್ತವೆ. ಸ್ಟ್ರ್ಯಾಂಗಲ್ಸ್ ಅನ್ನುವ ಗಂಟಲು ರೋಗ ಕಡಿವಾಣದ ಮೂಲಕವೂ ದಾಟಬಹುದು. ಗ್ಲ್ಯಾಂಡರ್ಸ್ ಅನ್ನುವ ಸೋಂಕು ಇನ್ನೂ ಕೆಟ್ಟದ್ದು, ಮನುಷ್ಯರಿಗೂ ಬರುತ್ತದೆ. ಅದು ಕಂಡರೆ ಅಧಿಕಾರಿಗಳಿಗೆ ತಿಳಿಸಲೇಬೇಕು ಅಂತ 2009ರ ಪ್ರಾಣಿರೋಗ ಕಾಯ್ದೆ ಹೇಳುತ್ತದೆ. ಕಾಯಿಲೆ ಬಿದ್ದ ಲಾಯದ ಸಾಮಾನನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ನಾನು ತೆಗೆದುಕೊಳ್ಳುವುದಿಲ್ಲ.

ಬಟ್ಟೆಯ ಗರ್ತನ್ನು ಬಿಸಿನೀರು, ಶಿಲೀಂಧ್ರ ಕೊಲ್ಲುವ ದ್ರಾವಣದಲ್ಲಿ ನೆನೆಸಿ, ಒಗೆದು, ಚುರುಕು ಬಿಸಿಲಿಗೆ ಹಾಕುತ್ತೇನೆ. ಕಡಿವಾಣದ ಕಬ್ಬಿಣವನ್ನು ಬಿಚ್ಚಿ ಕುದಿಯುವ ನೀರಿಗೆ ಹಾಕುತ್ತೇನೆ. ಚರ್ಮಕ್ಕೆ ಮಾತ್ರ ಈ ಯಾವುದೂ ಆಗದು. ಗ್ಲಿಸರಿನ್ ಸೋಪು, ಚೆನ್ನಾಗಿ ಹಿಂಡಿದ ಸ್ಪಂಜು, ನೆರಳಲ್ಲಿ ಒಣಗಿಸುವುದು, ಅಷ್ಟೇ. ಬಿಸಿಲಿಗೆ ಇಟ್ಟರೆ ಚರ್ಮ ಸೆಟೆದು ಬಿರುಕು ಬಿಡುತ್ತದೆ. ಎಣ್ಣೆ ಹಚ್ಚಿದರೆ ಒಂದೆರಡು ದಿನ ಬಿಟ್ಟೇ ಪ್ಯಾಕ್ ಮಾಡಬೇಕು. ತೊಳೆಯುವಾಗಲೇ ಗರ್ತ್ ಕಟ್ಟುವ ಪಟ್ಟಿಗಳನ್ನು ಬಗ್ಗಿಸಿ ನೋಡುತ್ತೇನೆ. ತೂತು ಎಳೆದು ಉದ್ದವಾಗಿದ್ದರೆ, ಹೊಲಿಗೆ ಸಡಿಲವಾಗಿದ್ದರೆ ಮೋಚಿಯ ಹತ್ತಿರ ಹೊಸ ಪಟ್ಟಿ ಹಾಕಿಸುತ್ತೇನೆ. ಓಡುವ ಕುದುರೆಯ ಮೇಲೆ ಆ ಪಟ್ಟಿ ಕಿತ್ತುಬಂದರೆ ಬೀಳುವುದು ಯಾರದೋ ಮಗು ಅಲ್ವಾ?

ಇನ್ನು ಪೆಟ್ಟಿಗೆ. ಐದು ಪದರದ ಹೊಸ ರಟ್ಟಿನ ಪೆಟ್ಟಿಗೆಯೇ ಬೇಕು. ರಿಕಾಪುಗಳನ್ನು ಬಿಚ್ಚಿ ಬೇರೆ ಬಟ್ಟೆಯಲ್ಲಿ ಸುತ್ತುತ್ತೇನೆ, ಇಲ್ಲದಿದ್ದರೆ ದಾರಿಯುದ್ದಕ್ಕೂ ಸೀಟನ್ನು ಕೆರೆಯುತ್ತವೆ. ಜೀನಿಗೆ ಮೊದಲು ಹಳೆ ಹತ್ತಿ ಬೆಡ್‌ಶೀಟ್ ಸುತ್ತಬೇಕು. ಚರ್ಮಕ್ಕೆ ನೇರವಾಗಿ ಪ್ಲಾಸ್ಟಿಕ್ ಸುತ್ತಿದರೆ ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಮಂಗಳೂರು, ಚಿಕ್ಕಮಗಳೂರು ಕಡೆ ಹೋಗುವ ಪೆಟ್ಟಿಗೆಗೆ ಪ್ಲಾಸ್ಟಿಕ್ ಹೊರಗಡೆ ಸುತ್ತುತ್ತೇನೆ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕುತ್ತೇನೆ. ತಿಳಿ ಬಣ್ಣದ ಚರ್ಮಕ್ಕೆ ದಿನಪತ್ರಿಕೆ ತಾಗಿಸಬೇಡಿ, ಮಸಿ ಅಂಟುತ್ತದೆ. ಜೀನಿನ ಕೆಳಗಿನ ಕಮಾನಿಗೆ ಬಿಗಿಯಾಗಿ ಸುತ್ತಿದ ಟವೆಲ್ ತುರುಕಬೇಕು. ಅಕ್ಕಪಕ್ಕದ ಚರ್ಮದ ಹಾಳೆಗಳನ್ನು ಮಡಚಬಾರದು. ಪಾಮೆಲ್ ಮುಂದೆ, ಕ್ಯಾಂಟಲ್ ಹಿಂದೆ ನಾಲ್ಕು ಬೆರಳಷ್ಟು ಜಾಗ ಬಿಟ್ಟು ಅಲ್ಲಿ ಫೋಮ್ ತುಂಬಬೇಕು. ಪೆಟ್ಟಿಗೆ ಮೂಲೆಯ ಮೇಲೆ ಬಿದ್ದರೂ ಪೆಟ್ಟು ಮೊದಲು ಫೋಮ್‌ಗೆ ತಾಗುತ್ತದೆ. ಮುಚ್ಚಿದ ಮೇಲೆ ಅಲ್ಲಾಡಿಸಿದರೆ ಒಳಗೆ ಏನೂ ಜರುಗಬಾರದು.

ಹಾಗಂತ ದೊಡ್ಡ ಪೆಟ್ಟಿಗೆ ತಂದರೆ ದುಡ್ಡು ಸುಮ್ನೆ ಹೋಗುತ್ತದೆ. ಕೊರಿಯರ್‌ನವರು ತೂಕ ಒಂದನ್ನೇ ನೋಡುವುದಿಲ್ಲ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. 65, 55, 45 ಅಳತೆಯ ಪೆಟ್ಟಿಗೆ 32 ಕೆ.ಜಿ. ಲೆಕ್ಕಕ್ಕೆ ಬರುತ್ತದೆ. 60, 50, 35 ಆದರೆ 21 ಕೆ.ಜಿ. ಒಳಗಿನ ಜೀನು ಏಳೆಂಟು ಕೆ.ಜಿ. ಇದ್ದರೆ ಹೆಚ್ಚು. ಅದಕ್ಕೇ ಜೀನನ್ನು ಅಳೆದ ಮೇಲೆಯೇ ಪೆಟ್ಟಿಗೆ ತರುತ್ತೇನೆ, ಫೋಮ್‌ನ ಜಾಗದಲ್ಲಿ ಮಾತ್ರ ಕಡಿಮೆ ಮಾಡುವುದಿಲ್ಲ. ರಾಜ್ಯದ ಒಳಗಾದರೆ ಕೆಎಸ್‌ಆರ್‌ಟಿಸಿಯ ‘ನಮ್ಮ ಕಾರ್ಗೋ’ದಲ್ಲಿ ಹಾಕಿ, ಕೊಂಡವರಿಗೆ ಬಸ್ ನಿಲ್ದಾಣದಿಂದ ತೆಗೆದುಕೊಳ್ಳಲು ಹೇಳುವುದೂ ಉಂಟು. ಬೆಲೆಬಾಳುವ ಜೀನಾದರೆ ವಿಮೆ ಮಾಡಿಸದೆ ಕಳಿಸುವುದಿಲ್ಲ.

ಬೂಟುಗಳ ಕಾಲಿನೊಳಗೆ ಸುತ್ತಿದ ಪೇಪರ್ ತುಂಬಿ ಉದ್ದಕ್ಕೆ ಮಲಗಿಸಿದರೆ ಸಾಕು, ಕಣಕಾಲಿನ ಹತ್ತಿರ ಮಡಿಕೆ ಬೀಳಬಾರದು ಅಷ್ಟೇ.

“ಮೇಡಂ, ಜೀನಿನ ಜೊತೆ ಒಂದು ಹಳೆ ಹೆಲ್ಮೆಟ್ ಹಾಕಿಬಿಡಿ, ಮಗಳಿಗೆ” ಅಂತ ಕೇಳುವವರಿದ್ದಾರೆ.

“ಇಲ್ಲ ಸರ್, ಹೆಲ್ಮೆಟ್ ಮಾತ್ರ ಹೊಸದೇ ತಗೊಳ್ಳಿ” ಅನ್ನುತ್ತೇನೆ.

ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ಟಿನ ಒಳಗಿನ ಫೋಮ್ ಕುಗ್ಗಿರುತ್ತದೆ, ಮೇಲಿನ ಚಿಪ್ಪು ನೋಡಿದರೆ ತಿಳಿಯುವುದಿಲ್ಲ. ಅದು ಎಷ್ಟು ಸಲ ಬಿದ್ದಿದೆ ಅಂತ ನನಗೆ ಗೊತ್ತಿಲ್ಲದಿರುವಾಗ ಇನ್ನೊಬ್ಬರ ಮಗುವಿನ ತಲೆಗೆ ಹೇಗೆ ಕೊಡಲಿ?

ಪೆಟ್ಟಿಗೆಯೊಳಗೆ ಕೊನೆಗೆ ಒಂದು ಚೀಟಿ ಇಡುತ್ತೇನೆ. ಅದರಲ್ಲಿ ಸೀಟಿನ ಅಳತೆ, ಎಂದು ತೊಳೆದದ್ದು, ಯಾವ ಪಟ್ಟಿ ಬದಲಾಯಿಸಿದ್ದು ಎಲ್ಲ ಬರೆದಿರುತ್ತದೆ. ಜೀನು ಸವಾರನಿಗೆ ಸರಿಹೋದರೂ ಕುದುರೆಯ ಬೆನ್ನಿಗೆ ಸರಿಹೋಗಬೇಕೆಂದಿಲ್ಲ. ಆದ್ದರಿಂದ ಶುದ್ಧವಾದ ಬಟ್ಟೆ ಹಾಸಿ ಕುದುರೆಯ ಮೇಲೆ ಇಟ್ಟು ನೋಡಿ, ಹೊಂದದಿದ್ದರೆ ವಾಪಸ್ ಕಳಿಸಿ ಅಂತಲೂ ಬರೆದಿರುತ್ತೇನೆ. ಅಲ್ಲಿಯವರೆಗೆ ಆ ಪೆಟ್ಟಿಗೆ, ಫೋಮ್ ಯಾವುದನ್ನೂ ಬಿಸಾಡಬೇಡಿ.