ವಲ್ಲೆಟ್ಟಾ ನೋಡೋಕೆ ಮೊದಲು ಎದುರು ದಡಕ್ಕೆ ಹೋಗಿ

ಮಾಲ್ಟಾ ದೇಶದ ರಾಜಧಾನಿ ವಲ್ಲೆಟ್ಟಾ ತುಂಬಾ ಚಿಕ್ಕ ಊರು. ಉದ್ದ ಸುಮಾರು ಒಂದು ಕಿಲೋಮೀಟರ್, ಅಗಲ ಅದಕ್ಕಿಂತ ಕಡಿಮೆ. ಹಾಗಾಗಿ ಜಾಸ್ತಿ ಜನ ಬೆಳಿಗ್ಗೆ ಬಂದು, ಫೋಟೊ ತೆಗೆದುಕೊಂಡು, ಊಟದ ಹೊತ್ತಿಗೆಲ್ಲ ಬೀಚಿನ ಕಡೆ ಹೊರಟುಬಿಡುತ್ತಾರೆ. ನನಗೆ ಅದು ಅನ್ಯಾಯ ಅನ್ನಿಸುತ್ತದೆ. ಈ ಊರು ಯಾಕೆ ಹುಟ್ಟಿತು ಅಂತ ಮೊದಲು ತಿಳಿದುಕೊಂಡರೆ, ಅದರ ಬೀದಿ, ಗೋಡೆ, ಚರ್ಚು ಎಲ್ಲದಕ್ಕೂ ಅರ್ಥ ಸಿಗುತ್ತದೆ. ಅದಕ್ಕೆ ನಾನು ಅಮ್ಮನನ್ನು ಕರೆದುಕೊಂಡು ಹೋದಾಗ ವಲ್ಲೆಟ್ಟಾದಿಂದ ಶುರು ಮಾಡಲಿಲ್ಲ. ಬಂದರಿನ ಎದುರು ದಡದಲ್ಲಿರುವ ಬಿರ್ಗು ಅನ್ನುವ ಹಳೇ ಊರಿಗೆ ಮೊದಲು ಹೋದೆವು.

1530ರಲ್ಲಿ ಸಂತ ಜಾನ್ ಪಂಥದ ನೈಟ್‌ಗಳು, ಅಂದರೆ ಕ್ರೈಸ್ತ ಯೋಧ-ಸನ್ಯಾಸಿಗಳು, ಮಾಲ್ಟಾಕ್ಕೆ ಬಂದು ನೆಲೆ ನಿಂತದ್ದು ಈ ಬಿರ್ಗುವಿನಲ್ಲೇ. ಆಗ ವಲ್ಲೆಟ್ಟಾ ಇರಲೇ ಇಲ್ಲ. ಅದು ಇರುವ ಜಾಗ ಬರೀ ಬೋಳು ಗುಡ್ಡ. ಗುಡ್ಡದ ತುದಿಯಲ್ಲಿ, ಸಮುದ್ರಕ್ಕೆ ಮುಖ ಮಾಡಿ, ಸೇಂಟ್ ಎಲ್ಮೋ ಅನ್ನುವ ಒಂದು ಸಣ್ಣ ಕೋಟೆ ಮಾತ್ರ ಇತ್ತು. 1565ರಲ್ಲಿ ಆಟೊಮನ್ ತುರ್ಕರ ಸೇನೆ ದೊಡ್ಡ ಹಡಗುಪಡೆಯ ಜೊತೆ ಬಂತು. ಅವರು ಫಿರಂಗಿಗಳನ್ನು ಏರಿಸಿದ್ದು ಇದೇ ಬೋಳು ಗುಡ್ಡದ ಮೇಲೆ. ಸಣ್ಣ ಎಲ್ಮೋ ಕೋಟೆ ಸುಮಾರು ಒಂದು ತಿಂಗಳು ತಡೆದು ಜೂನ್ 23ರಂದು ಬಿತ್ತು. ಆಮೇಲೆ ಫಿರಂಗಿಗಳು ಬಿರ್ಗುವಿನ ಕಡೆ ತಿರುಗಿದವು. ಬೇಸಿಗೆ ಪೂರ್ತಿ ಹೊಡೆತ ತಿಂದರೂ ಬಿರ್ಗು ಬೀಳಲಿಲ್ಲ. ಮುತ್ತಿಗೆ ಮುಗಿದ ನೆನಪಿಗೆ ಸೆಪ್ಟೆಂಬರ್ 8 ಅಲ್ಲಿ ಇಂದಿಗೂ ಸರ್ಕಾರಿ ರಜೆ.

ಬಿರ್ಗುವಿನ ದಡದಲ್ಲಿ ನಿಂತು ಎದುರಿಗೆ ನೋಡಿದರೆ ಇದೆಲ್ಲ ಕಣ್ಣಿಗೆ ಕಟ್ಟುತ್ತದೆ. ಗುಡ್ಡ ಎತ್ತರದಲ್ಲಿದೆ, ನಾವು ತಗ್ಗಿನಲ್ಲಿದ್ದೇವೆ, ನಡುವೆ ಇರುವುದು ಗ್ರ್ಯಾಂಡ್ ಹಾರ್ಬರಿನ ನೀರು ಅಷ್ಟೇ. ಆ ಗುಡ್ಡವನ್ನು ಇನ್ನೊಮ್ಮೆ ಶತ್ರುವಿಗೆ ಖಾಲಿ ಬಿಟ್ಟುಕೊಡಬಾರದು ಅಂತ ಪಂಥದ ಮುಖ್ಯಸ್ಥ ಲಾ ವಲೆಟ್ ಗಟ್ಟಿ ಮಾಡಿದ. ಮರುವರ್ಷ, 1566ರ ಮಾರ್ಚ್ 28ರಂದು, ಹೊಸ ಊರಿಗೆ ಅಡಿಗಲ್ಲು ಬಿತ್ತು. ಊರಿಗೆ ಅವನದೇ ಹೆಸರು. ಆದರೆ 1568ರಲ್ಲೇ ಅವನು ತೀರಿಕೊಂಡ. ಊರು ಪೂರ್ತಿ ಆಗಿದ್ದನ್ನು ಅವನು ನೋಡಲೇ ಇಲ್ಲ. ಇದನ್ನು ಹೇಳಿದಾಗ ಅಮ್ಮ, "ಅಯ್ಯೋ ಪಾಪ, ಅಷ್ಟೆಲ್ಲ ಕಷ್ಟಪಟ್ಟು ನೋಡೋಕೂ ಸಿಗಲಿಲ್ವಾ?" ಅಂದರು.

ಬಿರ್ಗುವಿನ ಕಡೆಯಿಂದ ವಲ್ಲೆಟ್ಟಾಕ್ಕೆ ಫೆರಿ ಇದೆ. ದೈಸಾ ಅನ್ನುವ ಬಣ್ಣಬಣ್ಣದ ಸಣ್ಣ ದೋಣಿಗಳೂ ಸಿಗುತ್ತವೆ. ನಾವು ದೋಣಿ ಹತ್ತಿದೆವು. ಹತ್ತಿರ ಹೋದ ಹಾಗೆ ಕೋಟೆಗೋಡೆ ತಲೆ ಮೇಲೆ ಎದ್ದು ನಿಲ್ಲುತ್ತದೆ. ಶತ್ರುವಿಗೆ ಎಷ್ಟು ಭಯ ಆಗಿರಬೇಕು ಅಂತ ನೀರಿನ ಮೇಲಿಂದ ನೋಡಿದರೇನೇ ಗೊತ್ತಾಗೋದು. ದಡದಿಂದ ಮೇಲೆ ಹೋಗಲು 58 ಮೀಟರ್ ಎತ್ತರದ ಲಿಫ್ಟ್ ಇದೆ. ಮಂಡಿ ನೋವಿನ ಅಮ್ಮನಿಗೆ ಅದು ದೊಡ್ಡ ಉಪಕಾರ. ಲಿಫ್ಟ್ ಬಿಡುವುದು ಅಪ್ಪರ್ ಬರಾಕ್ಕಾ ಅನ್ನುವ ತೋಟದಲ್ಲಿ. ಅಲ್ಲಿಂದ ಹಿಂದಿರುಗಿ ನೋಡಿದರೆ ಈಗಷ್ಟೇ ಬಿಟ್ಟು ಬಂದ ಬಿರ್ಗು ಪೂರ್ತಿ ಕಾಣುತ್ತದೆ. ತುರ್ಕರ ಫಿರಂಗಿಗಳು ಬಿರ್ಗುವನ್ನು ನೋಡುತ್ತಿದ್ದದ್ದೂ ಇದೇ ಗುಡ್ಡದಿಂದ. ಮಧ್ಯಾಹ್ನ 12ಕ್ಕೆ ತೋಟದ ಕೆಳಗಿನ ಸಾಲಿನಿಂದ ತೋಪು ಹಾರಿಸುತ್ತಾರೆ. ಹತ್ತು ನಿಮಿಷ ಮುಂಚೆ ಹೋಗಿ ಕಟಾಂಜನದ ಹತ್ತಿರ ಜಾಗ ಹಿಡಿಯಿರಿ.

ಊರಿನ ನಕ್ಷೆ ಮಾಡಿದವನು ಪೋಪ್ ಕಳಿಸಿಕೊಟ್ಟ ಇಂಜಿನಿಯರ್ ಫ್ರಾಂಚೆಸ್ಕೊ ಲಪಾರೆಲ್ಲಿ. ಅವನು ಬೀದಿಗಳನ್ನು ನೇರವಾಗಿ, ಒಂದಕ್ಕೊಂದು ಅಡ್ಡಡ್ಡ ಎಳೆದ. ಗುಡ್ಡವನ್ನು ಸಮ ಮಾಡುವಷ್ಟು ಸಮಯ ಇರಲಿಲ್ಲ. ಹೀಗಾಗಿ ಅಡ್ಡ ಬೀದಿಗಳಲ್ಲಿ ಎಷ್ಟೋ ಕಡೆ ರಸ್ತೆಯೇ ಮೆಟ್ಟಿಲು. ವಯಸ್ಸಾದವರು ಜೊತೆಗಿದ್ದರೆ ರಿಪಬ್ಲಿಕ್ ಬೀದಿ, ಮರ್ಚಂಟ್ಸ್ ಬೀದಿ ಇವೆರಡನ್ನೇ ಹಿಡಿದು ನಡೆಯಿರಿ. ಅವೂ ಎಲ್ಮೋ ಕೋಟೆ ಕಡೆಗೆ ಇಳಿಜಾರೇ, ಆದರೆ ಮೆಟ್ಟಿಲಿನ ಕಾಟ ಇಲ್ಲ. ಮಾಲ್ಟಾದಲ್ಲಿ ಹೇಳಿಕೊಳ್ಳುವಂಥ ನದಿ ಇಲ್ಲ. ಅದಕ್ಕೆ ಹೊಸ ಊರಿನ ಪ್ರತಿ ಮನೆಗೂ ಮಳೆನೀರಿನ ತೊಟ್ಟಿ ಇರಲೇಬೇಕು ಅಂತ ಆಗಲೇ ನಿಯಮ ಮಾಡಿದ್ದರು. ಮುತ್ತಿಗೆ ಅನುಭವಿಸಿದವರು ಹೀಗೇ ಯೋಚನೆ ಮಾಡೋದು ಅಲ್ವಾ?

ಒಂದೇ ಒಂದು ಜಾಗಕ್ಕೆ ಸಮಯ ಸುರಿಯಬೇಕು ಅಂದರೆ ಅದು ಸೇಂಟ್ ಜಾನ್ಸ್ ಕೋ-ಕೆಥೆಡ್ರಲ್ ಅನ್ನುವ ದೊಡ್ಡ ಚರ್ಚು. 1570ರ ದಶಕದಲ್ಲಿ ಇದನ್ನು ಕಟ್ಟಿದವನು ಜಿರೋಲಮೊ ಕಸ್ಸಾರ್ ಅನ್ನುವ ಸೇನಾ ಇಂಜಿನಿಯರ್. ಹೊರಗಿನಿಂದ ಕೋಟೆಯ ಹಾಗೆ ಬರೀ ಕಲ್ಲು. ಬಾಗಿಲು ದಾಟಿದರೆ ಚಿನ್ನ! ಮೇಲೆ ಮತ್ತಿಯಾ ಪ್ರೆತಿ ಬಿಡಿಸಿದ ಚಿತ್ರಗಳು, ಕೆಳಗೆ ಬಣ್ಣದ ಅಮೃತಶಿಲೆಯ ನೆಲ. ಆ ನೆಲ ಅಂದರೆ 400ರಷ್ಟು ನೈಟ್‌ಗಳ ಸಮಾಧಿ. ಒಂದೊಂದು ಕಲ್ಲಿನಲ್ಲೂ ಅಸ್ಥಿಪಂಜರ, ಮರಳು ಗಡಿಯಾರ, ಲಾಂಛನ. ಅಮ್ಮ ಅಂಚಿನಲ್ಲೇ ನಿಂತುಬಿಟ್ಟರು. "ಸತ್ತೋರ ಮೇಲೆ ಹೇಗೇ ಕಾಲಿಡೋದು? ನನಗೆ ಮನಸ್ಸು ಬರಲ್ಲ ಕಣೇ," ಅಂದರು. ಸ್ವಲ್ಪ ಹೊತ್ತು ಗೋಡೆ ಪಕ್ಕದಲ್ಲೇ ನಡೆದೆವು. ಆಮೇಲೆ ಅವರೇ ಬಗ್ಗಿ ಒಂದೊಂದು ಕಲ್ಲನ್ನೂ ನೋಡತೊಡಗಿದರು. ಮೊನಚು ಹಿಮ್ಮಡಿಯ ಚಪ್ಪಲಿ ಹಾಕಿದವರನ್ನು ಇಲ್ಲಿ ಬಿಡುವುದಿಲ್ಲ, ನೆಲಕ್ಕೆ ಪೆಟ್ಟಾಗುತ್ತದೆ ಅಂತ. ಭುಜ, ಮಂಡಿ ಮುಚ್ಚಿರಬೇಕು. ಭಾನುವಾರ ಪೂಜೆಗೆ ಮೀಸಲು, ಬೇರೆ ದಿನ ಇಟ್ಟುಕೊಳ್ಳಿ.

ಪಕ್ಕದ ಪ್ರಾರ್ಥನಾ ಕೋಣೆಯಲ್ಲಿ ಇಟಲಿಯ ಚಿತ್ರಕಾರ ಕಾರವಾಜ್ಜೊ 1608ರಲ್ಲಿ ಬರೆದ ಚಿತ್ರ ಇದೆ, ಸ್ನಾನಿಕ ಯೋಹಾನನ (ಪಂಥದ ಹೆಸರಿನಲ್ಲಿರುವ ಸಂತ ಜಾನ್ ಇವನೇ) ತಲೆ ಕಡಿಯುವ ದೃಶ್ಯ. ಐದು ಮೀಟರಿಗೂ ಅಗಲ. ಅವನು ಸಹಿ ಹಾಕಿದ ಒಂದೇ ಚಿತ್ರ ಇದು. ಆ ಸಹಿಯನ್ನು ಕೆಳಗೆ ಹರಿದ ರಕ್ತದಲ್ಲಿ ಬರೆದಿದ್ದಾನೆ. ರೋಮಿನಲ್ಲಿ ಒಬ್ಬನನ್ನು ಕೊಂದು ತಪ್ಪಿಸಿಕೊಂಡಿದ್ದವನು, ಕೊನೆಗೆ ಮಾಲ್ಟಾಕ್ಕೆ ಬಂದು ನೈಟ್ ಆದ. ಕೆಲವೇ ತಿಂಗಳಲ್ಲಿ ಮತ್ತೆ ಜಗಳ, ಜೈಲು, ಪರಾರಿ. ಅವನನ್ನು ಪಂಥದಿಂದ ಹೊರಗೆ ಹಾಕುವ ಸಭೆ ನಡೆದದ್ದು ಇದೇ ಕೋಣೆಯಲ್ಲಿ, ಇದೇ ಚಿತ್ರದ ಎದುರು. ಚಿತ್ರದ ಅರ್ಧ ಭಾಗ ಖಾಲಿ ಗೋಡೆ. ಜೈಲಿನ ಕಿಟಕಿಯಿಂದ ಇಬ್ಬರು ಕೈದಿಗಳು ಇಣುಕುತ್ತಿದ್ದಾರೆ. ನಾನು ಎಷ್ಟೋ ಹೊತ್ತು ಆ ಇಬ್ಬರನ್ನೇ ನೋಡುತ್ತಾ ಸುಮ್ನೆ ಕೂತಿದ್ದೆ.

ಊರಿನ ಬಾಗಿಲ ಹತ್ತಿರ ಮುರಿದ ಕಂಬಗಳ ಬಯಲು ರಂಗಮಂದಿರ ಕಾಣುತ್ತದೆ. 1942ರ ಬಾಂಬ್ ದಾಳಿಯಲ್ಲಿ ಬಿದ್ದ ಒಪೇರಾ ಮಂದಿರದ ಉಳಿಕೆ ಅದು. ಆಗ ಮಾಲ್ಟಾ ಬ್ರಿಟಿಷರ ಕೈಯಲ್ಲಿತ್ತು, ಅದೇ ವರ್ಷ ಬ್ರಿಟನ್ನಿನ ರಾಜ ಇಡೀ ದ್ವೀಪಕ್ಕೆ ಜಾರ್ಜ್ ಕ್ರಾಸ್ ಅನ್ನುವ ಶೌರ್ಯ ಪದಕ ಕೊಟ್ಟ. ಮಾಲ್ಟಾದ ಬಾವುಟದಲ್ಲಿ ಅದು ಇನ್ನೂ ಇದೆ.

ಹೋಗುವವರಿಗೆ ಬೇಕಾದ ವಿಷಯ ಇಷ್ಟು. ಷೆಂಗೆನ್ ವೀಸಾ ಬೇಕು. ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, ಕಡೆಗಳಿಗೆಗೆ ಬಿಡಬೇಡಿ. ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ. ಪ್ಲಗ್ಗು ಬ್ರಿಟಿಷ್ ಥರದ ಚಪ್ಪಟೆ ಮೂರು ಪಿನ್ನಿನದು, ಅಡಾಪ್ಟರ್ ಇಟ್ಟುಕೊಳ್ಳಿ. ಇಂಗ್ಲಿಷ್ ಎಲ್ಲ ಕಡೆ ನಡೆಯುತ್ತದೆ. ವಾಹನಗಳು ನಮ್ಮ ಹಾಗೇ ಎಡಬದಿಯಲ್ಲಿ ಓಡುವುದರಿಂದ ರಸ್ತೆ ದಾಟುವಾಗ ಅಮ್ಮನಿಗೆ ಗಾಬರಿ ಆಗಲಿಲ್ಲ. ಜುಲೈ, ಆಗಸ್ಟ್ ಬಿಸಿಲು ಬೇಡ. ಏಪ್ರಿಲ್ ಅಥವಾ ಅಕ್ಟೋಬರ್ ಒಳ್ಳೆಯದು.

ಊಟದ ಚಿಂತೆ ಸಸ್ಯಾಹಾರಿಗಳಿಗೆ ಇದ್ದೇ ಇರುತ್ತದೆ. ಪಸ್ತಿಟ್ಸಿ ಅಂತ ಪದರ ಪದರದ ಬಿಸಿ ತಿಂಡಿ ಸಿಗುತ್ತದೆ, ಒಳಗೆ ಬಟಾಣಿ ಅಥವಾ ರಿಕೊಟ್ಟಾ ಚೀಸ್. ಆದರೆ ಹಿಟ್ಟಿಗೆ ಹಂದಿ ಕೊಬ್ಬು ಹಾಕುವ ರೂಢಿಯೂ ಇದೆ. ಅಂಗಡಿಯಲ್ಲಿ ಕೇಳಿಯೇ ತೆಗೆದುಕೊಳ್ಳಿ. ಟೊಮೆಟೊ, ಆಲಿವ್ ಎಣ್ಣೆ ಸವರಿದ ಅಲ್ಲಿನ ಬ್ರೆಡ್ ನಮಗೆ ತುಂಬಾ ಹಿಡಿಸಿತು. ಟ್ಯೂನಾ ಮೀನು ಬೇಡ ಅಂತ ಮೊದಲೇ ಹೇಳಬೇಕು.

ಉಳಿಯುವುದು ವಲ್ಲೆಟ್ಟಾದ ಒಳಗೇ ಆದರೆ ಚೆನ್ನ. ಕ್ರೂಸ್ ಹಡಗು ಬಂದ ದಿನ ರಿಪಬ್ಲಿಕ್ ಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬೆಳಿಗ್ಗೆ ಬೇಗ, ಇಲ್ಲವೇ ಸಂಜೆ ಅವರು ಹೋದ ಮೇಲೆ ತಿರುಗಾಡಬಹುದು. ಅರ್ಧ ದಿನ ಮಾತ್ರ ಇದೆ ಅನ್ನುವವರು ಪಂಥದ ಮುಖ್ಯಸ್ಥರ ಅರಮನೆ, ಎಲ್ಮೋ ಕೋಟೆಯ ಯುದ್ಧ ಮ್ಯೂಸಿಯಂ ಎರಡನ್ನೂ ಬಿಟ್ಟುಬಿಡಿ. ಮೊದಲು ಫೆರಿ ಹಿಡಿದು ಬಿರ್ಗುವಿಗೆ ಹೋಗಿ ಬನ್ನಿ, ಉಳಿದ ಸಮಯ ಪೂರ್ತಿ ಕೆಥೆಡ್ರಲಿಗೆ ಕೊಡಿ.