ಟ್ಯಾಂಕ್ ಮಾದರಿ: ಅಂಟಿಸುವುದು ಸಲೀಸು, ಕೊಳೆ ಹಚ್ಚುವುದೇ ಕಷ್ಟ

ಪ್ಲಾಸ್ಟಿಕ್ ಟ್ಯಾಂಕ್ ಕಿಟ್ ಜೋಡಿಸುವಾಗ ಕೆಡುವುದು ಅಪರೂಪ. ವಾರಗಟ್ಟಲೆ ಕೂತು ಚೊಕ್ಕವಾಗಿ ಅಂಟಿಸಿ, ಬಣ್ಣ ಹೊಡೆದು, ಕೊನೆಗೆ ‘ಯುದ್ಧದಿಂದ ಬಂದ ಹಾಗೆ ಕಾಣಲಿ’ ಎಂದು ಕಪ್ಪು ನೀರು ಬಳಿದ ಒಂದೇ ಸಂಜೆಯಲ್ಲಿ ಕೆಡುತ್ತದೆ. ಕೆಳಗಿನ ಬಣ್ಣ ಕಿತ್ತು ಬರುತ್ತದೆ, ಇಲ್ಲವೇ ಹಸಿರಿನ ಮೇಲೆಲ್ಲ ಮಸಿ ಹರಡಿಕೊಳ್ಳುತ್ತದೆ, ಇಲ್ಲವೇ ಬೆಳಿಗ್ಗೆ ನೋಡಿದರೆ ಒಂದು ಚಕ್ರ ಬುಡಸಮೇತ ಮುರಿದಿರುತ್ತದೆ. ಆದ್ದರಿಂದ ಜೋಡಣೆಯನ್ನು ಇಲ್ಲಿ ಬೇಗ ಮುಗಿಸಿ, ಆ ಹಂತವನ್ನು ನಿಧಾನವಾಗಿ ನೋಡೋಣ.

ಉದಾಹರಣೆಗೆ 1/35 ಅಳತೆಯ ಟಿ-55 ಇಟ್ಟುಕೊಳ್ಳಿ. ಭಾರತೀಯ ಸೇನೆ 1971ರಲ್ಲಿ ಬಳಸಿದ ಟ್ಯಾಂಕ್ ಇದು. ನಳಿಗೆ ಸೇರಿಸಿ ಅಸಲಿನ ಉದ್ದ 9 ಮೀಟರ್, ಮಾದರಿಯಲ್ಲಿ ಸುಮಾರು 26 ಸೆಂಟಿಮೀಟರ್. ಟಾಮಿಯಾ ಕಂಪನಿಯ ಟಿ-55ಎ ಕಿಟ್ ಮೊದಲ ಸಲಕ್ಕೂ ತೊಂದರೆ ಕೊಡುವುದಿಲ್ಲ. ಅಗ್ಗವೆಂದು 1/72ರಿಂದ ಶುರು ಮಾಡಬೇಡಿ. ದುಡ್ಡು ಉಳಿಯುತ್ತದೆ, ಆದರೆ ಚಿಮಟದಿಂದ ಹಾರಿಹೋದ ಹಿಡಿಕೆಯನ್ನು ನೆಲದ ಮೇಲೆ ಹುಡುಕುವುದರಲ್ಲೇ ಅರ್ಧ ಸಮಯ ಹೋಗುತ್ತದೆ. ತೆಳು ಲೋಹದ ಬಿಡಿಭಾಗಗಳ ಸೆಟ್ಟೂ ಮೊದಲ ಮಾದರಿಗೆ ಬೇಡ.

ಜೋಡಣೆ

ಬೇಕಾದದ್ದು: ಒಳ್ಳೆಯ ನಿಪ್ಪರ್, ಹೊಸ ಬ್ಲೇಡು ಹಾಕಿದ ಚಾಕು, ಚಿಮಟ, 400, 600, 1000 ನಂಬರಿನ ವಾಟರ್ ಪೇಪರ್ ಮತ್ತು ನೀರಿನಷ್ಟು ತೆಳುವಾದ ಪ್ಲಾಸ್ಟಿಕ್ ಸಿಮೆಂಟ್. ಟ್ಯೂಬಿನಲ್ಲಿ ಬರುವ ಗಟ್ಟಿ ಸಿಮೆಂಟ್ ನೂಲು ನೂಲಾಗಿ ಎಳೆದುಕೊಂಡು ಎಲ್ಲೆಲ್ಲೋ ಮೆತ್ತುತ್ತದೆ, ಕಿಟ್ ಜೊತೆ ಉಚಿತವಾಗಿ ಕೊಟ್ಟರೂ ಎತ್ತಿಡಿ. ತೆಳು ಸಿಮೆಂಟಾದರೆ ಎರಡು ಭಾಗಗಳನ್ನು ಮೊದಲು ಕೂಡಿಸಿ ಹಿಡಿದು, ಸಂದಿಗೆ ಬ್ರಶ್ ತುದಿ ಮುಟ್ಟಿಸಿದರೆ ಸಾಕು, ಒಳಗೆ ತಾನೇ ಹರಿಯುತ್ತದೆ. ಫೆವಿಕ್ವಿಕ್ ಇಲ್ಲಿ ಲೋಹಕ್ಕೆ ಮತ್ತು ಟ್ರ್ಯಾಕಿಗೆ, ಅಂದರೆ ಚಕ್ರಗಳ ಸುತ್ತ ಓಡುವ ಪಟ್ಟಿಗೆ, ಮಾತ್ರ. ಅದರ ಆವಿ ಪಾರದರ್ಶಕ ಭಾಗಗಳ ಮೇಲೆ ಬಿಳಿ ಮಂಜು ಕೂರಿಸುತ್ತದೆ.

ಭಾಗಗಳು ಕೂಡಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟುಗಳನ್ನು ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಒಮ್ಮೆ ತೊಳೆದು ಒಣಗಿಸಿ. ಭಾಗವನ್ನು ಎರಡು ಸಲ ಕತ್ತರಿಸಿ: ಮೊದಲು ದೂರದಲ್ಲಿ, ಆಮೇಲೆ ಬುಡಕ್ಕೆ. ಒಂದೇ ಏಟಿಗೆ ಬುಡದಲ್ಲಿ ಒತ್ತಿದರೆ ಪ್ಲಾಸ್ಟಿಕ್ ಬಿಳಿಚಿ ಗುಳಿ ಬೀಳುತ್ತದೆ. ಒಡಲು, ಮೇಲ್ಭಾಗ, ಟರೆಟ್ (ತೋಪು ಹೊತ್ತು ತಿರುಗುವ ಗೋಪುರ) ಇವಕ್ಕೆ ಕಿಟ್‌ನ ಸೂಚನೆಯ ಹಾಳೆಯೇ ಸಾಕು. ನೋಡಿಕೊಳ್ಳಬೇಕಾದ ಜಾಗ ಮೂರೇ.

ಮೊದಲನೆಯದು ನಳಿಗೆ. ಎರಡು ಹೋಳಾಗಿ ಬಂದಿದ್ದರೆ ಸಂದು ಉಜ್ಜುವ ಭರದಲ್ಲಿ ಅದನ್ನು ಚಪ್ಪಟೆ ಮಾಡಬೇಡಿ, ವಾಟರ್ ಪೇಪರನ್ನು ನಳಿಗೆಗೆ ಸುತ್ತಿ ತಿರುಗಿಸಿ. ಬಾಯಿ ಮುಚ್ಚಿದ್ದರೆ ಕೊರೆಯಿರಿ. 100 ಮಿ.ಮೀ. ತೋಪಿನ ಬಾಯಿ ಈ ಅಳತೆಯಲ್ಲಿ 2.9 ಮಿ.ಮೀ. ಆಗುತ್ತದೆ. 1971ರ ಭಾರತೀಯ ಟ್ಯಾಂಕೇ ಬೇಕೆಂದರೆ ಇನ್ನೊಂದು ಕೆಲಸವಿದೆ. ಎದುರಾಳಿ ಪಾಕಿಸ್ತಾನದ ಬಳಿ ಇದ್ದ ಚೀನಾದ ಟೈಪ್ 59 ನೋಡಲು ಇದರ ತದ್ರೂಪ. ಗುಂಡು ತಮ್ಮವರ ಮೇಲೆಯೇ ಹಾರಬಾರದೆಂದು ನಮ್ಮ ಟ್ಯಾಂಕುಗಳ ನಳಿಗೆಯ ನಡುವಿಗೆ ಹುಸಿ ಹೊಗೆಕೊಳವೆಯೊಂದನ್ನು (ನಳಿಗೆಯೊಳಗಿನ ಹೊಗೆ ಹೊರಹಾಕುವ ದಪ್ಪ ತೋಳಿನಂಥದ್ದು) ತೊಡಿಸಿದ್ದರು. ತೆಳು ಪ್ಲಾಸ್ಟಿಕ್ ಹಾಳೆಯನ್ನು ನಳಿಗೆಗೆ ಎರಡು ಮೂರು ಸುತ್ತು ಸುತ್ತಿ ಅಂಟಿಸಿ, ಎರಡೂ ತುದಿಗಳನ್ನು ಇಳಿಜಾರಾಗಿ ಉಜ್ಜಿದರೆ ಅದು ಸಿದ್ಧ. ಉದ್ದ ದಪ್ಪಗಳನ್ನು ಫೋಟೋ ನೋಡಿ ಹೊಂದಿಸಿ. ಮೂತಿಯ ಬಳಿ ಇರುವುದು ನಿಜವಾದದ್ದು, ಅದನ್ನು ಕತ್ತರಿಸಬೇಡಿ.

ಎರಡನೆಯದು ಟರೆಟ್. ಅಸಲಿನಲ್ಲಿ ಅದು ಎರಕ ಹೊಯ್ದದ್ದು, ಮೈ ಒರಟು. ಕಿಟ್‌ನಲ್ಲಿ ನುಣುಪಾಗಿದ್ದರೆ ಗಟ್ಟಿ ಪ್ರೈಮರನ್ನು ಹಳೆಯ ಮೊಂಡು ಬ್ರಶ್ಶಿನಿಂದ ಕುಟ್ಟಿ ಕುಟ್ಟಿ ಹಚ್ಚಿ, ಒಣಗಿದ ಮೇಲೆ 600ರಲ್ಲಿ ಲಘುವಾಗಿ ಸವರಿ. ಒಡಲಿಗೆ ಇದನ್ನು ಮಾಡಬೇಡಿ, ಅದು ಬೆಸೆದ ಸಮತಟ್ಟು ಉಕ್ಕಿನ ತಗಡು.

ಮೂರನೆಯದು ಟ್ರ್ಯಾಕ್. ಟಿ-55ಕ್ಕೆ ಬದಿಗೆ ಐದು ದೊಡ್ಡ ಚಕ್ರ, ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಅಂತರ ಹೆಚ್ಚು, ಎಳೆಯುವ ಹಲ್ಲುಚಕ್ರ ಹಿಂದೆ. ಟ್ರ್ಯಾಕನ್ನು ಮೇಲೆ ಎತ್ತಿ ಹಿಡಿಯುವ ಪುಟ್ಟ ಉರುಳೆಗಳಿಲ್ಲ. ಹಾಗಾಗಿ ಮೇಲಿನ ಟ್ರ್ಯಾಕ್ ಜೋತು ಚಕ್ರಗಳ ನೆತ್ತಿಯ ಮೇಲೆ ಕೂರಲೇಬೇಕು. ಕಿಟ್‌ನ ರಬ್ಬರಿನಂಥ ಪಟ್ಟಿ ಬಿಗಿದು ನೆಟ್ಟಗೆ ನಿಲ್ಲುತ್ತದೆ. ಆಟಿಕೆಯಂತೆ ಕಾಣುವುದು ಇದರಿಂದಲೇ. ಬಣ್ಣವೆಲ್ಲ ಮುಗಿದ ಮೇಲೆ ಪಟ್ಟಿ ತೊಡಿಸಿ, ಪ್ರತಿ ಚಕ್ರದ ನೆತ್ತಿಗೆ ಫೆವಿಕ್ವಿಕ್ಕಿನ ಒಂದು ಹನಿ ಇಟ್ಟು, ನಡುವೆ ಸ್ಪಂಜಿನ ತುಂಡು ತುರುಕಿ ಒತ್ತಿ ಹಿಡಿದು, ಅಂಟಿದ ಮೇಲೆ ಸ್ಪಂಜು ತೆಗೆಯಿರಿ. ಚಕ್ರಗಳನ್ನೂ ಈಗಲೇ ಅಂಟಿಸದೆ ಟೂತ್‌ಪಿಕ್ಕಿಗೆ ಸಿಕ್ಕಿಸಿ ಬೇರೆಯಾಗಿ ಬಣ್ಣ ಮಾಡಿ. ಟಯರಿಗೆ ಕಡು ಬೂದು ಹಚ್ಚಿ. ಅಚ್ಚ ಕಪ್ಪು ಈ ಮಾದರಿಯಲ್ಲಿ ಎಲ್ಲಿಯೂ ಬೇಡ.

ಬಣ್ಣ

ಮೊದಲು ಬೂದು ಪ್ರೈಮರ್. ಗೀರು, ಸಂದು ಉಳಿದಿದ್ದರೆ ಈಗ ಎದ್ದು ಕಾಣುತ್ತದೆ, ತಿದ್ದಿ. ಆಮೇಲೆ ಹಸಿರು. ಟಾಮಿಯಾದ ಅಕ್ರಿಲಿಕ್ ಆಲಿವ್ ಡ್ರ್ಯಾಬ್‌ಗೆ, ಅಂದರೆ ಎಕ್ಸ್‌ಎಫ್-62ಕ್ಕೆ, ಐದಕ್ಕೆ ಒಂದು ಪಾಲು ಡಾರ್ಕ್ ಯೆಲ್ಲೋ ಬೆರೆಸಿ. ಬಾಟಲಿಯ ಬಣ್ಣವನ್ನು ಹಾಗೆಯೇ ಹೊಡೆದರೆ ಇಷ್ಟು ಚಿಕ್ಕ ಮೈಮೇಲೆ ತುಂಬ ಕಡುವಾಗುತ್ತದೆ, ಮುಂದಿನ ಹಂತಗಳು ಇನ್ನೂ ಕಡು ಮಾಡುತ್ತವೆ. ಏರ್‌ಬ್ರಶ್ಶಾದರೆ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಪುಟ್ಟ ಉಪಕರಣ) ಬಣ್ಣಕ್ಕೆ ಸಮಪಾಲು ಥಿನ್ನರ್, 15ರಿಂದ 20 ಪಿಎಸ್‌ಐ ಒತ್ತಡ, 10 ಸೆಂ.ಮೀ. ದೂರ. ಈ ಬಣ್ಣಕ್ಕೆ ಐಸೊಪ್ರೊಪೈಲ್ ಆಲ್ಕೊಹಾಲ್ ಥಿನ್ನರಾಗಿ ನಡೆಯುತ್ತದೆ. ವಲೆಹೊ ಕಂಪನಿಯದರಂಥ, ನೀರಲ್ಲಿ ತೆಳು ಮಾಡುವ ಅಕ್ರಿಲಿಕ್ ಬಣ್ಣಕ್ಕೆ ಅದೇ ಆಲ್ಕೊಹಾಲ್ ಹಾಕಿದರೆ ಮೊಸರೊಡೆದ ಹಾಗೆ ಗಂಟು ಕಟ್ಟುತ್ತದೆ. ಕೈ ಬ್ರಶ್ಶಿನವರು ವಲೆಹೊ ತೆಗೆದುಕೊಳ್ಳಿ, ಟಾಮಿಯಾ ಎರಡನೇ ಕೈ ಎಳೆದಾಗ ಮೊದಲ ಕೈಯನ್ನೇ ಎಬ್ಬಿಸುತ್ತದೆ.

ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರನ್ನು ಮಾದರಿಯ ಹತ್ತಿರವೂ ತರಬೇಡಿ, ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಬಣ್ಣ ಹೊಡೆಯುವಾಗ ಕಿಟಕಿ ತೆರೆದಿರಲಿ, ಮಾಸ್ಕ್ ಇರಲಿ, ಒಲೆ ದೀಪ ದೂರವಿರಲಿ.

ವಾಶ್: ಇಲ್ಲಿಯೇ ಕೆಡುವುದು

ವಾಶ್ ಎಂದರೆ ತೀರ ತೆಳು ಮಾಡಿದ ಕಡು ಬಣ್ಣ. ಸಂದು, ತಿರುಪುಗಳ ಸುತ್ತ, ಬೆಸುಗೆಯ ಅಂಚಿನಲ್ಲಿ ನಿಂತು ನೆರಳಿನಂತೆ ಕಂಡು, ಮಾದರಿಗೆ ಆಳ ಕೊಡುವುದು ಅದರ ಕೆಲಸ. ಇಡೀ ಟ್ಯಾಂಕಿಗೆ ಬಳಿಯುವ ಬಣ್ಣ ಅದಲ್ಲ.

ಕೆಡುವ ಮೊದಲ ಕಾರಣ, ಪದರಗಳ ಕ್ರಮ. ಮೇಲಿನ ಪದರದ ದ್ರಾವಕ ಕೆಳಗಿನ ಪದರವನ್ನು ಕರಗಿಸುವಂತಿರಬಾರದು. ಕೆಳಗೆ ಎನಾಮೆಲ್ ಹಸಿರು ಹೊಡೆದು ಮೇಲೆ ಎನಾಮೆಲ್ ವಾಶ್ ಹಚ್ಚಿದರೆ, ಒರೆಸುವಾಗ ಎರಡೂ ಒಟ್ಟಿಗೆ ಬರುತ್ತವೆ. ಕ್ರಮ ಹೀಗಿರಲಿ: ಲ್ಯಾಕರ್ ಪ್ರೈಮರ್, ಅದರ ಮೇಲೆ ಅಕ್ರಿಲಿಕ್ ಬಣ್ಣ, ಅದರ ಮೇಲೆ ಅಕ್ರಿಲಿಕ್ ಗ್ಲಾಸ್ (ಹೊಳಪಿನ) ವಾರ್ನಿಶ್, ಕೊನೆಗೆ ಎಣ್ಣೆಬಣ್ಣದ ಇಲ್ಲವೇ ಎನಾಮೆಲ್ ವಾಶ್. ಈ ವಾಶ್ ತೆಳು ಮಾಡುವ ವೈಟ್ ಸ್ಪಿರಿಟ್ (ಮಿನರಲ್ ಟರ್ಪೆಂಟೈನ್, ಆಲ್ಕೊಹಾಲ್ ಅಲ್ಲ) ಚೆನ್ನಾಗಿ ಒಣಗಿದ ಅಕ್ರಿಲಿಕ್ಕನ್ನು ಮುಟ್ಟುವುದಿಲ್ಲ. ‘ಚೆನ್ನಾಗಿ ಒಣಗಿದ’ ಎಂದರೆ ಬೆರಳಿಗೆ ಅಂಟದಿದ್ದರೆ ಸಾಲದು. ಹಸಿರು ಹೊಡೆದು ಒಂದು ದಿನ, ಗ್ಲಾಸ್ ಹೊಡೆದು ಎರಡು ದಿನ ಬಿಡಿ.

ಎರಡನೆಯ ಕಾರಣ, ಗ್ಲಾಸ್ ಪದರ ಬಿಟ್ಟುಬಿಡುವುದು. ‘ಟ್ಯಾಂಕ್ ಹೊಳೆಯಬಾರದಲ್ಲ, ಮತ್ತೇಕೆ’ ಎಂದು ಬಹಳ ಜನ ಇದನ್ನು ದಾಟಿಸುತ್ತಾರೆ. ಮ್ಯಾಟ್, ಅಂದರೆ ಹೊಳಪಿಲ್ಲದ, ಮೈಯಲ್ಲಿ ಕಣ್ಣಿಗೆ ಕಾಣದ ಕುಳಿಗಳು ತುಂಬಿರುತ್ತವೆ. ವಾಶ್ ಅವುಗಳಲ್ಲೇ ಇಳಿದು ನಿಂತು, ಮುಟ್ಟಿದ ಕಡೆಯೆಲ್ಲ ಕಲೆಯಾಗುತ್ತದೆ, ಒರೆಸಿದರೂ ಹೋಗದು. ನುಣುಪು ಮೈಯಲ್ಲಾದರೆ ಸಂದಿಗುಂಟ ಸರಸರನೆ ಹರಿದು, ಹೊರಗೆ ಚೆಲ್ಲಿದ್ದು ಒರೆಸಿದರೆ ಹೋಗುತ್ತದೆ. ಗುರುತು, ಅಂಕಿಗಳ ಡೆಕಾಲ್ ಅಂಟಿಸುವುದೂ ಈ ಗ್ಲಾಸ್ ಮೇಲೆಯೇ. ಮ್ಯಾಟ್ ಮೇಲೆ ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಗೆ ಮಿರುಗುತ್ತದೆ. ಡೆಕಾಲ್ ಒಣಗಿದ ಮೇಲೆ ಇನ್ನೊಂದು ತೆಳು ಕೈ ಗ್ಲಾಸ್ ಹೊಡೆಯಿರಿ.

ಸಿದ್ಧ ವಾಶ್ ಬಾಟಲಿಗಳು ಸಿಗುತ್ತವೆ, ಆದರೆ ಚಿತ್ರಕಲೆಯ ಎಣ್ಣೆಬಣ್ಣದ ಬರ್ಂಟ್ ಅಂಬರ್ ಟ್ಯೂಬೊಂದು ವರ್ಷಗಟ್ಟಲೆ ಬರುತ್ತದೆ, ಕೆಲಸವೂ ಇನ್ನೂ ಚೆನ್ನ. ಬಟಾಣಿ ಗಾತ್ರದಷ್ಟು ಬಣ್ಣವನ್ನು ರಟ್ಟಿನ ಮೇಲೆ ಹಿಂಡಿ ಅರ್ಧ ಗಂಟೆ ಬಿಡಿ. ರಟ್ಟು ಅಗಸೆ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಎಣ್ಣೆ ಉಳಿದರೆ ವಾಶ್ ದಿನಗಟ್ಟಲೆ ಒಣಗದೆ ಮಿರಮಿರ ಎನ್ನುತ್ತದೆ. ಆಮೇಲೆ ಅದರಲ್ಲಿ ಚಿಟಿಕೆಯಷ್ಟನ್ನು ತೆಗೆದು ಹತ್ತು ಪಾಲು ವೈಟ್ ಸ್ಪಿರಿಟ್‌ನಲ್ಲಿ ಕಲಸಿ. ಬಿಳಿ ತಟ್ಟೆಯ ಮೇಲೆ ಹನಿ ಬಿಟ್ಟರೆ ತಟ್ಟೆ ಕಾಣಬೇಕು. ಕಾಣದಿದ್ದರೆ ದಪ್ಪವಾಯಿತು.

ಈಗ ಹಚ್ಚುವುದು. ಸೊನ್ನೆ ನಂಬರಿನ ಮೊನೆ ಬ್ರಶ್ಶನ್ನು ಅದ್ದಿ, ಬಟ್ಟೆಗೆ ಒಮ್ಮೆ ಒತ್ತಿ, ಮುಚ್ಚಳದ ಅಂಚಿಗೋ ತಿರುಪಿನ ಬುಡಕ್ಕೋ ತುದಿ ಮುಟ್ಟಿಸಿ ಎತ್ತಿ. ಹರಿಯುವುದನ್ನು ನೋಡಿ, ನಿಂತ ಕಡೆ ಮತ್ತೆ ಮುಟ್ಟಿಸಿ. ಎಳೆಯಬೇಡಿ. ಒಂದು ಸಲಕ್ಕೆ ಒಂದೇ ಬದಿ. ಇಪ್ಪತ್ತು ನಿಮಿಷದಲ್ಲಿ ಹಸಿ ಹೊಳಪು ಹೋಗಿ ಮಂಕಾಗುತ್ತದೆ. ಒರೆಸುವ ಸಮಯ ಅದೇ. ಅದಕ್ಕೂ ಮೊದಲು ಒರೆಸಿದರೆ ಸಂದಿಯಲ್ಲಿರುವುದೂ ಎದ್ದು ಬರುತ್ತದೆ. ಚಪ್ಪಟೆ ಬ್ರಶ್ಶನ್ನು ಸ್ಪಿರಿಟ್‌ನಲ್ಲಿ ಅದ್ದಿ, ಬಟ್ಟೆಯಲ್ಲಿ ಚೆನ್ನಾಗಿ ಹಿಂಡಿ, ಬರೀ ತೇವ ಉಳಿದಾಗ ಮೇಲಿಂದ ಕೆಳಕ್ಕೆ ಎಳೆಯಿರಿ. ಮಳೆನೀರು ಇಳಿಯುವ ದಿಕ್ಕು ಅದು, ಅಡ್ಡ ಎಳೆದರೆ ಅಡ್ಡಗೆರೆ ಉಳಿಯುತ್ತದೆ. ಟರೆಟ್‌ನ ನೆತ್ತಿಯಲ್ಲಿ ಮಾತ್ರ ಸುತ್ತ ಸುತ್ತ ಸವರಿ.

ಚಕ್ರ ಮುರಿಯುವುದಕ್ಕೆ ಕಾರಣ ಬೇರೆ. ಸ್ಪಿರಿಟ್ ಬಣ್ಣವಿಲ್ಲದ ಪ್ಲಾಸ್ಟಿಕ್ಕಿನ ಸಂದಿಗೆ ಇಳಿದರೆ, ಬಿಗಿತದಲ್ಲಿರುವ ಜಾಗ ಬಿರುಕು ಬಿಡುತ್ತದೆ. ಚಕ್ರ ಹಿಡಿಯುವ ತೋಳುಗಳು, ಟ್ರ್ಯಾಕ್ ಬಿಗಿಯಾಗಿ ಎಳೆಯುವ ಮುಂಚಕ್ರ, ಒತ್ತಿ ಕೂರಿಸಿದ ಮಡ್‌ಗಾರ್ಡ್, ಎಲ್ಲವೂ ಬಿಗಿತದಲ್ಲಿರುವ ಜಾಗಗಳೇ. ಮೂಲೆಮೂಲೆಗೂ ಪ್ರೈಮರ್ ಹೋಗಿರಲಿ, ಒಡಲಿನ ಕೆಳಭಾಗದಲ್ಲಿ ವಾಶ್ ಮಡುಗಟ್ಟದಿರಲಿ. ಮಡುಗಟ್ಟಿದ್ದು ಕಂಡರೆ ಒಣ ಬ್ರಶ್ಶಿನ ತುದಿಯಿಂದ ಆಗಲೇ ಹೀರಿ ತೆಗೆಯಿರಿ. ಟ್ರ್ಯಾಕನ್ನು ಕೊನೆಗೆ ತೊಡಿಸಿ ಎಂದದ್ದು ಇದಕ್ಕೂ ಹೌದು.

ಸವೆತ ಮತ್ತು ಧೂಳು

ಬಣ್ಣ ಕಿತ್ತ ಗುರುತಿಗೆ ಕಡು ಕಂದು ತೆಗೆದುಕೊಳ್ಳಿ, ಬೆಳ್ಳಿ ಬಣ್ಣವಲ್ಲ. ಸ್ಪಂಜಿನ ಚೂರನ್ನು ಬಣ್ಣಕ್ಕೆ ಮುಟ್ಟಿಸಿ, ಕಾಗದಕ್ಕೆ ಒತ್ತಿ, ಉಳಿದದ್ದನ್ನು ಮುಚ್ಚಳಗಳ ಅಂಚು, ಮಡ್‌ಗಾರ್ಡಿನ ತುದಿ, ಸಿಬ್ಬಂದಿ ಕಾಲಿಡುವ ಜಾಗ ಇಷ್ಟಕ್ಕೆ ಮಾತ್ರ ತಟ್ಟಿ. ಕೈ ತಡೆದುಕೊಳ್ಳಿ: ಮಾದರಿಯ ಮೇಲೆ 1 ಮಿ.ಮೀ. ಚುಕ್ಕೆ ಅಸಲು ಟ್ಯಾಂಕಿನಲ್ಲಿ 3.5 ಸೆಂ.ಮೀ. ಗಾಯ.

ಅದಾದ ಮೇಲೆ ಮ್ಯಾಟ್ ವಾರ್ನಿಶ್. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮಲೆನಾಡಿನಲ್ಲಿ, ಇದು ಬೆಳ್ಳಗೆ ಹಿಟ್ಟು ಹಿಟ್ಟಾಗಿ ಕೂರುವುದುಂಟು. ಹೊಯ್ಯುವ ಮಳೆಯ ದಿನ ಸ್ಪ್ರೇ ಎತ್ತಲೇಬೇಡಿ, ಅಂಥ ದಿನ ಮುಂದಿನ ಕಿಟ್ ಅಂಟಿಸಿ. ಬೆಳ್ಳಗಾಗಿಯೇ ಬಿಟ್ಟಿದ್ದರೆ ಉಜ್ಜಬೇಡಿ. ಒಣ ದಿನ ನೋಡಿ ಮೇಲೆ ಗ್ಲಾಸ್ ಹೊಡೆದರೆ ಹೆಚ್ಚಾಗಿ ತಿಳಿಯಾಗುತ್ತದೆ, ಆಮೇಲೆ ಮತ್ತೆ ಮ್ಯಾಟ್.

ಧೂಳು ಮ್ಯಾಟ್ ಆದ ಮೇಲೆ. ಮೊದಲೇ ಹಾಕಿದರೆ ವಾರ್ನಿಶ್ ಅದನ್ನು ನುಂಗಿಬಿಡುತ್ತದೆ. ಹಿತ್ತಲಿನ ಮಣ್ಣು ಜರಡಿ ಹಿಡಿದು ಹಾಕುವವರಿದ್ದಾರೆ. ಅರ್ಧ ಮಿಲಿಮೀಟರಿನ ಕಣ ಈ ಅಳತೆಯಲ್ಲಿ ಜಲ್ಲಿಕಲ್ಲು. ಒಣ ಪೇಸ್ಟಲ್ ಕಡ್ಡಿಯನ್ನು ವಾಟರ್ ಪೇಪರಿನ ಮೇಲೆ ಉಜ್ಜಿ ಪುಡಿ ಮಾಡಿಕೊಳ್ಳಿ. ಬಣ್ಣ ಆರಿಸುವಾಗ ಟ್ಯಾಂಕ್ ಓಡಿದ ನೆಲ ನೆನಪಿರಲಿ. 1971ರಲ್ಲಿ ಜಮ್ಮು ಗಡಿಯ ಛಂಬ್‌ನಲ್ಲಿ ಕಾದಿದ ಟಿ-55ಕ್ಕೆ ಬೂದು ಮಿಶ್ರಿತ ಕಂದು ಒಪ್ಪುತ್ತದೆ, ನಮ್ಮೂರ ಕೆಮ್ಮಣ್ಣು ಒಪ್ಪುವುದಿಲ್ಲ. ಪುಡಿಯನ್ನು ಚಕ್ರಗಳಿಗೆ, ಕೆಳ ಒಡಲಿಗೆ, ಮಡ್‌ಗಾರ್ಡಿನ ಮೇಲೆ ಉದುರಿಸಿ, ಅಂಚಿನಿಂದ ಒಂದು ಹನಿ ಸ್ಪಿರಿಟ್ ಬಿಟ್ಟು ಕೂರಿಸಿ. ಒದ್ದೆಯಿದ್ದಾಗ ಏನೂ ಕಾಣದು. ಕಡಿಮೆಯಾಯಿತೆಂದು ಮತ್ತೆ ಸುರಿಯಬೇಡಿ, ಒಣಗಿದಾಗ ಎರಡರಷ್ಟು ಎದ್ದು ಕಾಣುತ್ತದೆ.

ಟ್ರ್ಯಾಕಿಗೆ ಕಿತ್ತಳೆ ತುಕ್ಕು ಹಚ್ಚುವ ಚಾಳಿ ಬಿಡಿ, ಓಡಾಡುವ ಟ್ಯಾಂಕಿನಲ್ಲಿ ಅದು ಸವೆದು ಕಡು ಉಕ್ಕಿನ ಬಣ್ಣವೇ ಇರುತ್ತದೆ. ಕಡು ಕಂದು ಹೊಡೆದು, ನೆಲ ತಾಗುವ ದಿಂಡುಗಳಿಗೆ ಮತ್ತು ಚಕ್ರ ಉಜ್ಜುವ ಒಳಹಲ್ಲುಗಳಿಗೆ 6ಬಿ ಪೆನ್ಸಿಲ್ ಸೀಸ ತಿಕ್ಕಿ. ಹೆಡ್‌ಲೈಟಿನ ಗಾಜನ್ನು ಎಲ್ಲಕ್ಕಿಂತ ಕೊನೆಗೆ ಫೆವಿಕಾಲಿನ ಒಂದು ಚುಕ್ಕೆಯಿಂದ ಅಂಟಿಸಿ. ಒಣಗುವವರೆಗೆ ಬೆಳ್ಳಗಿರುತ್ತದೆ, ಆಮೇಲೆ ಪಾರದರ್ಶಕವಾಗುತ್ತದೆ.