ಏರ್ ಫಿಲ್ಟರ್ ಆರಿಸುವುದು ಹೇಗೆ? ಪಿಕಪ್ಪೂ ಬೇಕು, ಇಂಜಿನ್ನೂ ಉಳಿಯಬೇಕು

ಒಂದು ಲೀಟರ್ ಪೆಟ್ರೋಲ್ ಉರಿಯಲು ಹೆಚ್ಚುಕಡಿಮೆ 9,000 ಲೀಟರ್ ಗಾಳಿ ಬೇಕು. ಅಷ್ಟೂ ಗಾಳಿ ಏರ್ ಫಿಲ್ಟರ್ ದಾಟಿಯೇ ಇಂಜಿನ್ ಸೇರಬೇಕು. ಗಾಳಿಯ ಜೊತೆ ಬರುವ ಮಣ್ಣಿನ ದೂಳು ಒಳಗೆ ಹೋದರೆ ಪಿಸ್ಟನ್ ರಿಂಗನ್ನೂ ಸಿಲಿಂಡರ್ ಗೋಡೆಯನ್ನೂ ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಆಮೇಲೆ ಗಾಡಿ ಆಯಿಲ್ ಕುಡಿಯುತ್ತದೆ, ನೀಲಿ ಹೊಗೆ ಬರುತ್ತದೆ, ಕೊನೆಗೆ ಬೋರ್ ಕೆಲಸ, ಅಂದರೆ ಸವೆದ ಸಿಲಿಂಡರನ್ನು ಕೊರೆದು ಸರಿಪಡಿಸುವ ಕೆಲಸ.

ಮೊದಲು ನೀವು ಓಡಾಡುವ ದಾರಿ ಯಾವುದು ನೋಡಿ. ಸಂಡೂರು, ಹೊಸಪೇಟೆ ಕಡೆಯ ಅದಿರಿನ ಕೆಂಪು ದೂಳಿಗೂ ಊರೊಳಗಿನ ಡಾಂಬರು ರಸ್ತೆಗೂ ಒಂದೇ ಲೆಕ್ಕ ಹಾಕಲಾಗದು. ದೂಳು ಜಾಸ್ತಿ ಇದ್ದಲ್ಲಿ ಕಂಪನಿ ಕೊಟ್ಟ ಮಾದರಿಯ ಕಾಗದದ ಫಿಲ್ಟರೇ ಸರಿ. ಸಣ್ಣ ದೂಳನ್ನು ಹಿಡಿಯುವುದರಲ್ಲಿ ಅದು ಗಟ್ಟಿಗ. ಫೋಮ್ ಫಿಲ್ಟರ್ ಇದ್ದರೆ ಸೋಪು ನೀರಿನಲ್ಲಿ ತೊಳೆದು, ಹಿಂಡದೆ ಒತ್ತಿ ನೀರು ತೆಗೆದು, ಪೂರ್ತಿ ಒಣಗಿಸಿ. ಅದಕ್ಕೆ ಎಣ್ಣೆ ಹಾಕಬೇಕೆಂದು ಮ್ಯಾನ್ಯುಯಲ್ ಹೇಳಿದ್ದರೆ ಮಾತ್ರ ಫಿಲ್ಟರ್ ಆಯಿಲ್ ಹಚ್ಚಿ. ಪೆಟ್ರೋಲಿನಲ್ಲಿ ಮಾತ್ರ ತೊಳೆಯಬೇಡಿ.

ಇನ್ನು ಹುಡುಗರು ಆಸೆಪಡುವ ಪರ್ಫಾರ್ಮೆನ್ಸ್ ಫಿಲ್ಟರ್. ಇದು ಎಣ್ಣೆ ಸವರಿದ ಹತ್ತಿ ಬಟ್ಟೆಯದು, ತೊಳೆದು ಮತ್ತೆ ಹಾಕಬಹುದು. ಗಾಳಿ ಸಲೀಸಾಗಿ ಹೋಗುತ್ತದೆ, ನಿಜ. ಆದರೆ ಗಾಳಿಗೆ ದಾರಿ ಬಿಟ್ಟಷ್ಟೂ ಸಣ್ಣ ದೂಳಿಗೂ ದಾರಿ ಸಿಗುವ ಸಾಧ್ಯತೆ ಇದೆ, ಅಲ್ವಾ? ಬೇರೇನೂ ಬದಲಿಸದ ಇಂಜಿನ್ನಿನಲ್ಲಿ ಇದರಿಂದ ಸಿಗುವ ಶಕ್ತಿ ತೀರಾ ಕಡಿಮೆ. ಸದ್ದು ಜಾಸ್ತಿಯಾಗುವುದನ್ನೇ ಪಿಕಪ್ ಅಂದುಕೊಳ್ಳುವವರು ಬಹಳ. ತೊಳೆದ ಮೇಲೆ ಎಣ್ಣೆ ಅತಿಯಾಗಿ ಹಾಕಿದರೆ, ಕಾರುಗಳಲ್ಲಿ ಅದು ಹಾರಿ ಗಾಳಿ ಅಳೆಯುವ ಸೆನ್ಸರಿಗೆ ಅಂಟಿ ಬೇರೆಯೇ ತಲೆನೋವು ಶುರುವಾಗುತ್ತದೆ. ಇಂಜಿನ್ ಟ್ಯೂನ್ ಮಾಡಿಸಿದವರಿಗೆ, ದೂಳಿಲ್ಲದ ರಸ್ತೆಯಲ್ಲಿ ಓಡಿಸುವವರಿಗೆ ಇದು ಸರಿ. ಉಳಿದವರು ಸುಮ್ನೆ ದುಡ್ಡು ಯಾಕೆ ಹಾಕಬೇಕು?

ಕೊಳ್ಳುವಾಗ ಗಾಡಿಯ ಮಾಡೆಲ್, ವರ್ಷ ಹೇಳಿ ಪಾರ್ಟ್ ನಂಬರ್ ಹೊಂದಿಸಿ. ಸುತ್ತಲಿನ ರಬ್ಬರ್ ಅಂಚನ್ನು ಬೆರಳಲ್ಲಿ ಒತ್ತಿ ನೋಡಿ. ಮೆತ್ತಗೆ ಒತ್ತಿ ಮತ್ತೆ ಮೇಲೇಳಬೇಕು. ಅಂಚು ಬಾಕ್ಸಿಗೆ ಸರಿಯಾಗಿ ಕೂರದಿದ್ದರೆ ಎಂಥ ದುಬಾರಿ ಫಿಲ್ಟರೂ ದಂಡ. ದೂಳು ಪಕ್ಕದಿಂದಲೇ ನುಸುಳುತ್ತದೆ.

ದೂಳು ತೆಗೆಯಲು ಫಿಲ್ಟರಿಗೆ ಹವಾ ಹೊಡೆಸುವ ವಿಷಯಕ್ಕೆ ಬನ್ನಿ. ಗ್ಯಾರೇಜಿನಲ್ಲಿ ಕಂಪ್ರೆಸರ್ ಪೈಪ್ ಹಿಡಿದು ಜೋರಾಗಿ ಊದುತ್ತಾರೆ. ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬಿದ್ದರೆ ಕಥೆ ಮುಗಿಯಿತು. ಒಣ ಕಾಗದದ ಫಿಲ್ಟರನ್ನು ಮೆಲ್ಲಗೆ ತಟ್ಟಿ ದೂಳು ಉದುರಿಸಿದರೆ ಸಾಕು. ಕೆಲವು ಸ್ಕೂಟರ್, ಬೈಕುಗಳಲ್ಲಿ ಕಾಗದಕ್ಕೇ ಎಣ್ಣೆ ಸವರಿರುತ್ತಾರೆ. ಮುಟ್ಟಿದರೆ ಜಿಗುಟಾಗಿರುತ್ತದೆ. ಅದಕ್ಕೆ ಹವಾ ಹೊಡೆಸಲೇಬಾರದು, ಹೊಸದೇ ಹಾಕಿಸಬೇಕು. ಅಂದಹಾಗೆ, ಸ್ವಲ್ಪ ಕೊಳೆಯಾದ ಕಾಗದ ದೂಳನ್ನು ಇನ್ನೂ ಚೆನ್ನಾಗಿ ಹಿಡಿಯುತ್ತದೆ. ಹಾಗಾಗಿ ಕಪ್ಪಾಯಿತೆಂದು ಪದೇ ಪದೇ ಬಿಚ್ಚುವುದು ಬೇಡ.

ಬದಲಿಸುವ ಕಿಲೋಮೀಟರ್ ಲೆಕ್ಕ ಮ್ಯಾನ್ಯುಯಲ್‌ನಲ್ಲಿದೆ. ದೂಳಿನ ದಾರಿಯಾದರೆ ಅದಕ್ಕಿಂತ ಬೇಗ ಬದಲಿಸಿ. ಹಳೆಯದನ್ನು ಬಿಚ್ಚಿದಾಗ, ಫಿಲ್ಟರಿನಿಂದ ಇಂಜಿನ್ ಕಡೆ ಹೋಗುವ ಪೈಪಿನೊಳಗೆ ಒಂದು ಬಿಳಿ ಬಟ್ಟೆ ಸವರಿ. ಬಟ್ಟೆಗೆ ದೂಳು ಹತ್ತಿದರೆ ಎಲ್ಲೋ ಸೋರಿಕೆ ಇದೆ. ಹೊಸ ಫಿಲ್ಟರ್ ಹಾಕುವ ಮೊದಲೇ ಕ್ಲಿಪ್, ಪೈಪಿನ ಬಿರುಕು, ಬಾಕ್ಸಿನ ಮುಚ್ಚಳ ಮೂರನ್ನೂ ಮೆಕ್ಯಾನಿಕ್ ಹತ್ತಿರ ನೋಡಿಸಿ.